ಮಾತಾಡ್ತಾ ಅತ್ತುಬಿಟ್ಟರೆ ಕ್ಯಾಮೆರಾ ನಿಲ್ಲಿಸಬೇಕಾ? (ಸಾಗರದ ಶಿಬಿರಕ್ಕೆ ತುಣುಕು ಆರಿಸಬೇಕಿದೆ)

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಕಾಲೇಜು ಹುಡುಗರಿಗೆ ಎರಡು ದಿನದ ಸಾಕ್ಷ್ಯಚಿತ್ರ ಶಿಬಿರ. ಎರಡನೇ ದಿನ ಮಧ್ಯಾಹ್ನದ ಮೂರು ಗಂಟೆಗೆ ಇಟ್ಟಿರೋ ವಿಷಯ: ಸಾಮೂಹಿಕ ಹಿಂಸೆಯಲ್ಲಿ ಸತ್ತವರನ್ನ, ಬದುಕುಳಿದವರನ್ನ ಸಾಕ್ಷ್ಯಚಿತ್ರಗಳು ಹೇಗೆ ತೋರಿಸುತ್ತವೆ. ಪೂರ್ತಿ ಸಿನಿಮಾ ಹಾಕೋಕೆ ಹೊತ್ತಿಲ್ಲ. ಹತ್ತತ್ತು ನಿಮಿಷದ ಐದಾರು ತುಣುಕು, ನಡುವೆ ಮಾತು. ಆಮೇಲೆ ಹುಡುಗರು ಮೂರು ಮೂರು ಜನದ ತಂಡ ಮಾಡ್ಕೊಂಡು ಹಿರಿಯರ ಸಂದರ್ಶನ ಚಿತ್ರೀಕರಿಸಬೇಕು. ಹಾಗಾಗಿ ಬರೀ ಸಿದ್ಧಾಂತ ಹೇಳಿ ಕಳಿಸಿದ್ರೆ ಆಗಲ್ಲ.

ಸಂಘಟಕರಲ್ಲಿ ಈಗಲೇ ಎರಡು ಪಂಗಡ. ಮಾತಾಡ್ತಾ ಅವರು ಅತ್ತುಬಿಟ್ಟರೆ ಕ್ಯಾಮೆರಾ ನಿಲ್ಲಿಸಬೇಕು ಅಂತ ಒಂದು, ನಿಲ್ಲಿಸಬಾರದು ಅಂತ ಇನ್ನೊಂದು. ನೀವೇನಂತೀರಿ?

ಅಡಿಕೆಚೊಗರು
ನಿಲ್ಲಿಸಬೇಕು. ಇದರಲ್ಲಿ ಕೇಳೋದೇನಿದೆ. ಮುಂದಿನ ಪ್ರಶ್ನೆ.

ಹೆಗ್ಗೋಡು ಬಸ್ಸು
ಅಷ್ಟು ಸಲೀಸಾಗಿದ್ರೆ ನಲವತ್ತು ವರ್ಷದಿಂದ ಜನ ಜಗಳ ಆಡ್ತಿರಲಿಲ್ಲ ಮಾರಾಯ್ರೆ. ನಾಜಿಗಳು ಯೆಹೂದಿಗಳನ್ನ ಕೊಂದದ್ದರ ಬಗ್ಗೆ ಇರೋ 1985ರ ‘ಶೋವಾ’ದ ಕ್ಷೌರಿಕನ ದೃಶ್ಯವನ್ನೇ ಮೊದಲು ಹಾಕಿ. ಟ್ರೆಬ್ಲಿಂಕಾ ನಾಜಿ ಶಿಬಿರದಲ್ಲಿ ಗ್ಯಾಸ್ ಕೋಣೆಗೆ ಹೋಗೋ ಹೆಂಗಸರ ಕೂದಲು ಕತ್ತರಿಸಬೇಕಾಗಿ ಬಂದವನು ಅಬ್ರಹಾಂ ಬೋಂಬಾ. ನಿರ್ದೇಶಕ ಕ್ಲೋದ್ ಲಾಂಝ್‌ಮನ್ ಅವನನ್ನ ಮನೆಯ ಸೋಫಾ ಮೇಲೆ ಕೂರಿಸಲಿಲ್ಲ. ಇಸ್ರೇಲಿನಲ್ಲಿ ಒಂದು ಕ್ಷೌರದ ಅಂಗಡಿ ಬಾಡಿಗೆಗೆ ಹಿಡಿದು, ಗಿರಾಕಿಯನ್ನು ಕೂರಿಸಿ, ಕೈಗೆ ಕತ್ತರಿ ಕೊಟ್ಟ. ಕೈ ಕೆಲಸ ಮಾಡ್ತಾ ಇದ್ದಷ್ಟು ಹೊತ್ತು ಬಾಯಿ ಹೇಳ್ತಾ ಹೋಗುತ್ತೆ. ತನ್ನ ಊರಿನ ಇನ್ನೊಬ್ಬ ಕ್ಷೌರಿಕನ ಹೆಂಡತಿ, ತಂಗಿ ಒಳಗೆ ಬಂದರು ಅನ್ನೋ ಜಾಗಕ್ಕೆ ಬಂದಾಗ ಮಾತು ಕಟ್ಟಿಹೋಗುತ್ತೆ. ಆಗಲ್ಲ, ಬಿಟ್ಬಿಡಿ ಅಂತಾನೆ. ಲಾಂಝ್‌ಮನ್ ಬಿಡಲ್ಲ. ಕ್ಯಾಮೆರಾನೂ ಕತ್ತರಿಸಲ್ಲ. ನಿಮಿಷಗಟ್ಟಲೆ ಮೌನ.

ಅದು ಕ್ರೌರ್ಯ ಅನ್ನೋರು ಇದ್ದಾರೆ. ಆ ಮೌನ ಇಲ್ಲದೆ ಸಾಕ್ಷ್ಯವೇ ಇಲ್ಲ ಅನ್ನೋರೂ ಇದ್ದಾರೆ. ಹುಡುಗರಿಗೆ ಎರಡನ್ನೂ ಹೇಳಿ.

ಅಡಿಕೆಚೊಗರು
ಅಂದ್ರೆ ನಿಜವಾದ ನೋವು ಬರೋಕೆ ನಾಟಕದ ಸೆಟ್ ಹಾಕಿದ. ಅದನ್ನ ಸಾಕ್ಷ್ಯಚಿತ್ರ ಅನ್ನಬೇಕು.

ಹೆಗ್ಗೋಡು ಬಸ್ಸು
ಸೆಟ್ ಹಾಕಿದ್ದನ್ನ ಅವನು ಮುಚ್ಚಿಡಲಿಲ್ಲ. ಇಡೀ ಒಂಬತ್ತೂವರೆ ಗಂಟೆಯ ಚಿತ್ರದಲ್ಲಿ ಹಳೆಯ ಫೂಟೇಜ್ ಒಂದು ತುಣುಕೂ ಇಲ್ಲ, ಹೆಣದ ಚಿತ್ರ ಒಂದೂ ಇಲ್ಲ. ಹಾಗಾಗಿ ಎಲ್ಲಾ ಭಾರ ಮುಖದ ಮೇಲೆ, ಜಾಗದ ಮೇಲೆ ಬೀಳುತ್ತೆ. ಆ ಭಾರ ಹೊರೋಕೆ ಅಂತಲೇ ಅಂಗಡಿ, ಕತ್ತರಿ.

ಕತ್ತರಿಮೇಜು
ಪ್ರಶ್ನೆಯನ್ನೇ ಸ್ವಲ್ಪ ಬೇರೆ ಥರ ಕೇಳ್ಬೇಕು ಅನ್ಸುತ್ತೆ. ಕ್ಯಾಮೆರಾ ನಿಲ್ಲಿಸೋದು ಒಂದು ತೀರ್ಮಾನ, ಆ ತುಣುಕನ್ನ ಬಳಸೋದು ಇನ್ನೊಂದು ತೀರ್ಮಾನ. ನಡುವೆ ವಾರ, ತಿಂಗಳು ಇರುತ್ತೆ. ಅಳು ಬಂದ ಕ್ಷಣಕ್ಕೆ ಗಡಬಡಿಸಿ ಬಟನ್ ಒತ್ತೋಕೆ ಹೋದ್ರೆ ಎದುರಿಗಿರೋರಿಗೆ "ಛೇ, ನಾನೇನೋ ತಪ್ಪು ಮಾಡಿದೆ" ಅನ್ಸುತ್ತೆ. ಅದು ಇನ್ನೂ ಕೆಟ್ಟದ್ದು.

ಹುಡುಗರಿಗೆ ಹೀಗೆ ಹೇಳಿಕೊಡಿ. ಶುರು ಮಾಡೋಕೆ ಮುಂಚೆಯೇ ಒಂದು ಸನ್ನೆ ಗೊತ್ತು ಮಾಡ್ಕೊಳ್ಳಿ. ಅವರು ಅಂಗೈ ಎತ್ತಿದ್ರೆ ನಿಲ್ಲಿಸಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಎತ್ತದಿದ್ರೆ ಓಡಲಿ, ಆದರೆ ಕೈ ಜೂಮ್ ರಿಂಗ್ ಮೇಲೆ ಇರಬಾರದು. ಇದನ್ನ ಗಟ್ಟಿಯಾಗಿ ಹೇಳಿ. ಅಳು ಶುರುವಾದಾಗ ಒಳಗೆ ಜೂಮ್ ಹೋಯ್ತು ಅಂದ್ರೆ ಆ ಕ್ಷಣದಿಂದ ನೀವು ಕೇಳ್ತಾ ಇಲ್ಲ, ನೋಡ್ತಾ ಇದೀರಿ. ನಮ್ಮ ಟಿವಿ ಚಾನೆಲ್‌ಗಳು ಕಣ್ಣೀರಿನ ಹನಿಗೆ ಜೂಮ್ ಮಾಡಿ, ಸ್ಲೋ ಮೋಷನ್ ಹಾಕಿ, ಕೆಳಗೆ ಪಿಟೀಲು ಬಿಡ್ತವಲ್ಲ, ಅದೇ ರೋಗ.

ಅಳತೆಯೂ ಹೇಳ್ತೀನಿ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಒಂದೂವರೆ ಮೀಟರ್ ದೂರ. ಎದೆಯಿಂದ ಮೇಲೆ ಸಿಗುತ್ತೆ, ಕೈಗಳೂ ಆಗಾಗ ಚೌಕಟ್ಟಿನೊಳಗೆ ಬರ್ತವೆ. ಕೈ ಮುಖ್ಯ. ಬಾಯಿ ಸುಮ್ಮನಾದ ಮೇಲೂ ಕೈ ಸುಮ್ಮನಿರಲ್ಲ. ಲೆನ್ಸ್ ಅವರ ಕಣ್ಣಿನ ಮಟ್ಟಕ್ಕೇ ಇರಬೇಕು. ಅಜ್ಜಿಯನ್ನ ಜಗಲಿ ಮೇಲೆ ಕೂರಿಸಿ ಇವರು ನಿಂತುಕೊಂಡು ಮೇಲಿಂದ ಹಿಡಿದ್ರೆ ಆಕೆ ಏನೇ ಹೇಳಲಿ, ದೀನಳ ಥರ ಕಾಣ್ತಾಳೆ.

ಶರಾವತಿ ಹಿನ್ನೀರು
ಕತ್ತರಿಮೇಜು ಅಣ್ಣ ಹೇಳಿದ್ದಕ್ಕೆ ಒಳ್ಳೆ ಉದಾಹರಣೆ ಚೀನಾದ ವಾಂಗ್ ಬಿಂಗ್ ಅವರ ‘ಫೆಂಗ್‌ಮಿಂಗ್’, 2007. ಸುಮಾರು ಮೂರು ಗಂಟೆ, ಹೆಚ್ಚುಕಮ್ಮಿ ಒಬ್ಬಳೇ ಮುದುಕಿ, ಒಂದೇ ಕುರ್ಚಿ. 1957ರ ಬಲಪಂಥೀಯ ವಿರೋಧಿ ಕಾರ್ಯಾಚರಣೆಯಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಶಿಬಿರಕ್ಕೆ ಅಟ್ಟಿದ್ದು, ಗಂಡ ಅಲ್ಲೇ ಸತ್ತದ್ದು, ಎಲ್ಲಾ ಆಕೆ ಹೇಳ್ತಾ ಹೋಗ್ತಾರೆ. ಹೊರಗೆ ಹೊತ್ತು ಮುಳುಗುತ್ತೆ, ಕೋಣೆ ಕತ್ತಲಾಗ್ತಾ ಬರುತ್ತೆ, ಮುಖವೇ ಕಾಣದ ಹಾಗಾಗುತ್ತೆ. ಕ್ಯಾಮೆರಾ ಕದಲಲ್ಲ. ಕೊನೆಗೆ ನಿರ್ದೇಶಕರು "ದೀಪ ಹಾಕ್ತೀರಾ" ಅಂತ ಕೇಳೋದು ಕೇಳಿಸುತ್ತೆ. ಆಕೆ ಎದ್ದು ಹಾಕಿ ಬಂದು ಕೂತು ಮುಂದುವರಿಸ್ತಾರೆ.

ಮತ್ತೆ ಒಂದು ಮಾತು. ಪೋಸ್ಟರ್‌ನಲ್ಲಿ ‘ಸಂತ್ರಸ್ತರು’ ಅಂತ ಹಾಕಬೇಡಿ. ಸಾಗರದಲ್ಲಿ ಆ ಪದಕ್ಕೆ ಇರೋದು ಒಂದೇ ಅರ್ಥ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯವರು ಅಂದ್ಕೊಂಡು ಜನ ಭೂಮಿ ಹಕ್ಕಿನ ಕಾಗದ ಹಿಡ್ಕೊಂಡು ಬಂದುಬಿಡ್ತಾರೆ.

ಅಡಿಕೆಚೊಗರು
ಬಂದ್ರೆ ಬರಲಿ, 1964ರಿಂದ ಕಾಯ್ತಿದಾರೆ. ಅವರ ಸಂದರ್ಶನವೇ ಮಾಡಿ.

ತುಂಗಾತೀರ
ಅದೂ ಪಟ್ಟಿಯಲ್ಲಿದೆ ಕಣ್ರೀ, ಆದರೆ ಅದು ಹತ್ಯೆ ಅಲ್ಲ, ಸ್ಥಳಾಂತರ. ಎರಡನ್ನೂ ಒಂದೇ ಬುಟ್ಟಿಗೆ ಹಾಕೋಕೆ ಮನಸ್ಸಿಲ್ಲ. ಹಾಗಾದ್ರೆ ಪದ ಯಾವುದು? ‘ಬಲಿಪಶು’ ಅಂತೂ ಬೇಡ.

ಶರಾವತಿ ಹಿನ್ನೀರು
ಸತ್ತವರಿಗೆ ‘ಸತ್ತವರು’. ಉಳಿದವರಿಗೆ ‘ಬದುಕುಳಿದವರು’. ಮಾತಾಡೋಕೆ ಒಪ್ಪಿ ಕ್ಯಾಮೆರಾ ಮುಂದೆ ಕೂತವರಿಗೆ ‘ಸಾಕ್ಷಿ’. ಬಲಿಪಶು ಅಂದ ಕೂಡಲೇ ಆ ಮನುಷ್ಯನಿಗೆ ಪ್ರಶ್ನೆ ಕೇಳೋ ಹಕ್ಕೇ ಹೋಯ್ತು. ಕಾಂಬೋಡಿಯಾದ ನಿರ್ದೇಶಕ ರಿತಿ ಪಾನ್ ಅವರ ‘ಎಸ್-21’ ನೋಡಿದ್ರೆ ನಾನು ಹೇಳ್ತಿರೋದು ತಿಳಿಯುತ್ತೆ.

ಹೆಗ್ಗೋಡು ಬಸ್ಸು
ಹೌದು, ಅದನ್ನ ಬಿಡಲೇಬಾರದು. 2003ರ ಚಿತ್ರ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪು ಆಳಿದ್ದು 1975ರ ಏಪ್ರಿಲ್‌ನಿಂದ 1979ರ ಜನವರಿ ತನಕ. ನಾಮ್‌ಪೆನ್‌ನ ಒಂದು ಶಾಲೆಯನ್ನ ಜೈಲು ಮಾಡಿದ್ದರು, ಅದೇ ಎಸ್-21. ಸಾವಿರಾರು ಜನ ಒಳಗೆ ಹೋದರು, ಬದುಕಿ ಬಂದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಚಿತ್ರಕಾರ ವಾನ್ ನಾಥ್. ಈ ಚಿತ್ರದಲ್ಲಿ ಅವರನ್ನ ಕೂರಿಸಿ "ಏನನ್ನಿಸ್ತು" ಅಂತ ಕೇಳಲ್ಲ. ಅವರೇ ಹಳೆ ಕಾವಲುಗಾರರನ್ನ ಎದುರಿಗೆ ಕೂರಿಸಿಕೊಂಡು, ತಾನು ಬರೆದ ಚಿತ್ರ ತೋರಿಸಿ, ದಾಖಲೆ ಹಿಡಿದು ಪ್ರಶ್ನೆ ಕೇಳ್ತಾರೆ. ಉತ್ತರ ತಡವರಿಸೋದು ಕಾವಲುಗಾರರದ್ದು.

ಇನ್ನೊಂದು ದೃಶ್ಯ. ಅಂದು ಹುಡುಗನಾಗಿದ್ದ ಒಬ್ಬ ಕಾವಲುಗಾರ ಖಾಲಿ ಕೋಣೆಯೊಳಗೆ ಹೋಗಿ, ಇಲ್ಲದ ಕೈದಿಗಳಿಗೆ ಗದರುತ್ತಾನೆ, ಬೀಗ ಎಳೆದು ನೋಡ್ತಾನೆ, ನೀರು ಕೊಡ್ತಾನೆ. ದೇಹ ಮರೆತಿಲ್ಲ. ಕ್ಯಾಮೆರಾ ಮಾತ್ರ ಬಾಗಿಲ ಹೊರಗೇ ನಿಂತುಬಿಡುತ್ತೆ. ಒಳಗೆ ಹೋದ್ರೆ ಕೈದಿಗಳು ಮಲಗಿದ್ದ ನೆಲದ ಮೇಲೆ ಕಾಲಿಟ್ಟ ಹಾಗಾಗುತ್ತೆ. ಹೊಸ್ತಿಲು ದಾಟಬಾರದು ಅಂತ ನಮ್ಮ ಹುಡುಗರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ, ಮನೆಯಲ್ಲೇ ಕಲಿತಿರ್ತಾರೆ.

ಅಡಿಕೆಚೊಗರು
ಇದು ಒಪ್ಪಿದೆ. ಕೊಂದವನೇ ಅಭಿನಯಿಸಲಿ, ಉಳಿದವನಿಂದ ಮಾತ್ರ ಮಾಡಿಸಬೇಡಿ.

ಕತ್ತರಿಮೇಜು
ಅಭಿನಯ ಮಾಡಿಸೋದರಲ್ಲೂ ಅಪಾಯ ಇದೆ ಗುರೂ. 2012ರ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ನಲ್ಲಿ 1965-66ರ ಇಂಡೋನೇಷ್ಯಾ ಹತ್ಯೆಗಳನ್ನ ಕೊಂದವರೇ ಹಾಲಿವುಡ್ ಶೈಲಿಯಲ್ಲಿ ಆಡಿ ತೋರಿಸ್ತಾರೆ. ಸತ್ತವರ ಕಡೆಯವರ ದನಿ ಎಲ್ಲಿ ಅನ್ನೋ ಆಕ್ಷೇಪ ಬಂತು. ಅದೇ ನಿರ್ದೇಶಕ ಜೋಶುವಾ ಓಪನ್‌ಹೈಮರ್ 2014ರಲ್ಲಿ ‘ದಿ ಲುಕ್ ಆಫ್ ಸೈಲೆನ್ಸ್’ ತಂದ. ಆದಿ ಅಂತ ಕನ್ನಡಕ ಮಾಡಿಕೊಡೋನು, ಅಣ್ಣನನ್ನ ಕೊಂದವರ ಮನೆಗೇ ಹೋಗಿ, ಕಣ್ಣು ಪರೀಕ್ಷೆ ಮಾಡ್ತಾ, ಪರೀಕ್ಷೆಯ ಚೌಕಟ್ಟಿಗೆ ಒಂದೊಂದೇ ಗಾಜು ಹಾಕ್ತಾ ಕೇಳ್ತಾನೆ. ಎರಡನ್ನೂ ಜೊತೆಗೆ ಐದೈದು ನಿಮಿಷ ತೋರಿಸಿ. ಮೊದಲನೆಯದನ್ನ ಮಾತ್ರ ತೋರಿಸಿದ್ರೆ ಹುಡುಗರು ಕೊಲೆಗಾರನ ಮೋಡಿಗೇ ಬಿದ್ದು ಹೋಗ್ತಾರೆ.

ಮತ್ತೆ ‘ಲುಕ್ ಆಫ್ ಸೈಲೆನ್ಸ್’ನ ಸುರಕ್ಷತೆಯ ವಿವರ ಹೇಳಿ, ಯಾಕಂದ್ರೆ ಅದೂ ತಂತ್ರದ ಭಾಗವೇ. ಭೇಟಿಗೆ ಹೋಗುವಾಗ ಆದಿಯ ಹತ್ತಿರ ಗುರುತಿನ ಚೀಟಿ ಇಲ್ಲ, ಫೋನಿನಲ್ಲಿದ್ದ ನಂಬರ್‌ಗಳನ್ನೆಲ್ಲ ಅಳಿಸಿರೋದು, ಹಿಂಬಾಲಿಸಿದ್ರೆ ಬದಲಾಯಿಸೋಕೆ ಎರಡನೇ ಕಾರು. ಚಿತ್ರ ಹೊರಬರೋ ಹೊತ್ತಿಗೆ ಇಡೀ ಕುಟುಂಬ ಬೇರೆ ಊರಿಗೆ. ಸ್ಥಳೀಯ ತಂಡದವರ ಹೆಸರಿನ ಜಾಗದಲ್ಲಿ ಸಾಲು ಸಾಲಾಗಿ ‘ಅನಾಮಿಕ’ ಅಂತಷ್ಟೇ.

ಕೋರ್ಟುಹಾಲ್
ಅನಾಮಿಕ ಅಂದಿದ್ದಕ್ಕೆ ಕಾನೂನು ಒಂದಿಷ್ಟು. ಸಾಕ್ಷಿ ಅತ್ಯಾಚಾರಕ್ಕೆ ಒಳಗಾದವರಾಗಿದ್ದರೆ ಹೆಸರು, ಗುರುತು ಹೊರಹಾಕೋದು ಅಪರಾಧ. ಹಳೆಯ ಐಪಿಸಿ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72. ಎರಡು ವರ್ಷದವರೆಗೆ ಜೈಲು. ಅವರು ಸ್ವತಃ ಲಿಖಿತವಾಗಿ ಒಪ್ಪಿದರೆ ಸರಿ. ಅವರು ಬದುಕಿಲ್ಲ, ಮನೆಯವರು ಒಪ್ಪಿದ್ದಾರೆ ಅಂತ ಮುಂದುವರಿಯುವ ಹಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಆ ತೀರ್ಮಾನವನ್ನ ಸೆಷನ್ಸ್ ನ್ಯಾಯಾಧೀಶರಿಗೆ ಬಿಟ್ಟಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೋ 23ನೇ ಕಲಂ ಇನ್ನೂ ಬಿಗಿ. ಹೆಸರು ತೆಗೆದು ಊರು, ಶಾಲೆ, ತಂದೆಯ ಕೆಲಸ ಉಳಿಸಿದರೆ ಹೆಸರು ಹೇಳಿದ ಹಾಗೇ.

ಕತ್ತರಿಮೇಜು
ಗುರುತು ಮರೆಸೋದರಲ್ಲಿ ಹುಡುಗರು ಮಾಡೋ ತಪ್ಪುಗಳನ್ನ ಇಲ್ಲೇ ಹೇಳಿಬಿಡ್ತೀನಿ.

ಮುಖಕ್ಕೆ ಚೌಕುಳಿ ಹಾಕಿ ಸಾಕು ಅಂದ್ಕೋತಾರೆ. ಸಣ್ಣ ಚೌಕುಳಿ, ತೆಳು ಮಸುಕು ಎರಡನ್ನೂ ಈಗಿನ ಸಾಫ್ಟ್‌ವೇರ್ ಬಳಸಿ ಒಂದು ಮಟ್ಟಿಗೆ ಊಹಿಸಬಹುದು. ಪೂರ್ತಿ ಬಣ್ಣ ಬಳಿದುಬಿಡಿ. ಅವರು ತಲೆ ತಿರುಗಿಸಿದಾಗ ಮಸುಕು ಒಂದು ಫ್ರೇಮ್ ಹಿಂದೆ ಬಿದ್ದಿರುತ್ತೆ, ಅಲ್ಲಿ ನಿಲ್ಲಿಸಿ ನೋಡಿದ್ರೆ ಮುಖ ಸ್ಪಷ್ಟ. ಹಾಗಾಗಿ ಫ್ರೇಮ್ ಫ್ರೇಮ್ ನೋಡಲೇಬೇಕು. ದನಿಯನ್ನ ಬರೀ ದಪ್ಪ ಮಾಡಿದ್ರೆ ಅಷ್ಟೇ ತೆಳು ಮಾಡಿ ವಾಪಸ್ ತರಬಹುದು. ಅದೇ ಮಾತನ್ನ ಬೇರೆಯವರ ದನಿಯಲ್ಲಿ ಓದಿಸಿ, ಹಾಗೆ ಮಾಡಿದ್ದೀವಿ ಅಂತ ತೆರೆಯ ಮೇಲೆ ಬರೆಯಿರಿ.

ನೆರಳುಚಿತ್ರ ಮಾಡೋದಾದ್ರೆ ಹಿನ್ನೆಲೆ ಮುಖಕ್ಕಿಂತ ನಾಲ್ಕು ಸ್ಟಾಪ್ (ಅಂದ್ರೆ ಹದಿನಾರು ಪಟ್ಟು) ಬೆಳಗಿರಲಿ. ಆದರೆ ನೆರಳಿನ ವಿವರವನ್ನೂ ಉಳಿಸೋ ‘ಲಾಗ್’ ಮಾದರಿಯಲ್ಲಿ ಹಿಡಿದ ಫೈಲ್‌ನಲ್ಲಿ ನೆರಳನ್ನ ಎತ್ತಿದ್ರೆ ಮುಖ ಮೇಲೆ ಬರುತ್ತೆ! ಹೊರಗೆ ಹೋಗೋ ಪ್ರತಿಯಲ್ಲಿ ಕಪ್ಪನ್ನ ಪೂರ್ತಿ ಕಪ್ಪಾಗಿಸಿ, ಮೂಲವನ್ನ ಬೀಗ ಹಾಕಿದ ಡಿಸ್ಕಿನಲ್ಲಿಡಿ. ಮೊಬೈಲಿನಲ್ಲಿ ಹಿಡಿದದ್ದಾದ್ರೆ ಫೈಲಿನೊಳಗೆ ಜಾಗದ ಅಕ್ಷಾಂಶ ರೇಖಾಂಶ ಕೂತಿರುತ್ತೆ, ಅದನ್ನೂ ತೆಗೆಯಿರಿ. ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡ್ಕೊಳ್ಳಿ. ಅದರಲ್ಲಿ ಸಹಕಾರ ಸಂಘದ ಹೆಸರು, ಊರು ಎಲ್ಲಾ ಇರುತ್ತೆ.

ನೀಲಿಪರದೆ
ಮುಖ ಮರೆಸಿದ್ರೆ ಭಾವನೆಯೂ ಹೋಗುತ್ತೆ ಅನ್ನೋರಿಗೆ: 2020ರ ‘ವೆಲ್‌ಕಂ ಟು ಚೆಚೆನ್ಯಾ’ದಲ್ಲಿ, ಅಲ್ಲಿನ ಹಿಂಸೆಗೆ ಹೆದರಿ ಓಡಿಹೋಗ್ತಿರೋ ಸಲಿಂಗಿಗಳ ಮುಖದ ಮೇಲೆ ಸ್ವಯಂಸೇವಕರ ಮುಖವನ್ನ ಕಂಪ್ಯೂಟರ್ ಮೂಲಕ ಕೂರಿಸಿದ್ರು. ಹುಬ್ಬು, ತುಟಿ ಎಲ್ಲಾ ಮೂಲದವರಂತೇ ಆಡ್ತವೆ. ಅಂಚು ಸ್ವಲ್ಪ ಮಸುಕಾಗೇ ಬಿಟ್ಟಿದಾರೆ, ಇದು ಬೇರೆ ಮುಖ ಅಂತ ನೋಡೋರಿಗೆ ತಿಳಿಯಲಿ ಅಂತ. ಒಬ್ಬನು ಬಹಿರಂಗವಾಗಿ ಮಾತಾಡೋಕೆ ನಿರ್ಧಾರ ಮಾಡಿದಾಗ ಆ ಮುಖ ಕರಗಿ ನಿಜವಾದ್ದು ಕಾಣುತ್ತೆ. ಶಿಬಿರದ ಬಜೆಟ್ಟಿಗೆ ಆಗೋ ಕೆಲಸ ಅಲ್ಲ ಬಿಡಿ.

ಬೂಮ್‌ಕೋಲು
ಎಲ್ಲಾ ಚಿತ್ರದ ಮಾತೇ ಆಯ್ತು, ಶಬ್ದ ಯಾರು ಕೇಳ್ಬೇಕು. ಸಾಕ್ಷ್ಯ ಅಂದ್ರೆ ಶಬ್ದ ಸ್ವಾಮಿ. ಚಿತ್ರ ಹಾಳಾದ್ರೆ ಕಪ್ಪು ತೆರೆ ಮೇಲೆ ದನಿ ಹಾಕಬಹುದು, ದನಿ ಹಾಳಾದ್ರೆ ಏನೂ ಇಲ್ಲ. ಆ ಮನುಷ್ಯ ಎರಡನೇ ಸಲ ಅದೇ ಮಾತು ಹೇಳಲ್ಲ. ಹೇಳಿಸಲೂಬಾರದು.

ಮಳೆಗಾಲದಲ್ಲಿ ತಗಡಿನ ಶೀಟಿನ ಕೆಳಗೆ ಕೂರಲೇಬೇಡಿ, ಯಾವ ಮೈಕೂ ಉಳಿಸಲ್ಲ. ಹಂಚಿನ ಮನೆ, ಒಳಗಿನ ಕೋಣೆ. ಅಟ್ಟ ಇದ್ರೆ ಇನ್ನೂ ಒಳ್ಳೆಯದು. ಸಂಜೆ ಆರರ ಮೇಲೆ ಜೀರುಂಡೆ ಹಿಡ್ಕೊಂಡ್ರೆ ಎಡಿಟಿಂಗ್‌ನಲ್ಲಿ ತೆಗೆಯೋಕಾಗಲ್ಲ, ಮಾತಿನ ‘ಸ’ ‘ಶ’ಗಳ ಜೊತೆಗೇ ಹೋಗುತ್ತೆ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಒಳ್ಳೆ ಹೊತ್ತು. ಗೋಡೆ ಪ್ರತಿಧ್ವನಿಸಿದ್ರೆ ಕ್ಯಾಮೆರಾ ಹಿಂದೆ ಎರಡು ಕಂಬಳಿ ನೇತುಹಾಕಿ. ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗಿನ ಮಡಿಕೆಯೊಳಗೆ ಅಲ್ಲ, ಹೊರಗೆ. ಮೈಕು ಹಾಕೋಕೆ ಹೆಂಗಸರಿಗೆ ಹೆಂಗಸರೇ ಇರಲಿ. 48 ಕಿಲೋಹರ್ಟ್ಸ್, 24 ಬಿಟ್, ಮಟ್ಟ ಮೈನಸ್ 18 ಡೆಸಿಬಲ್ ಹತ್ತಿರ. ಪಿಸುಗುಟ್ತಾ ಇದ್ದವರು ಇದ್ದಕ್ಕಿದ್ದ ಹಾಗೆ ಕೂಗಬಹುದು, ಅದಕ್ಕೆ ಜಾಗ ಬೇಕು. ಫ್ರಿಜ್ ಆರಿಸಿ ಬೈಕಿನ ಕೀ ಅದರೊಳಗಿಡಿ, ಹೊರಡುವಾಗ ಮರೆಯಲ್ಲ.

ಕೊನೆಯಲ್ಲಿ ಒಂದು ನಿಮಿಷ ಎಲ್ಲರೂ ಸುಮ್ಮನೆ ಕೂತು ಖಾಲಿ ಕೋಣೆಯ ಶಬ್ದ ತಗೊಳ್ಳಿ. ಇಂಥ ಸಂದರ್ಶನದಲ್ಲಿ ಎಡಿಟರ್‌ಗೆ ಬೇಕಾಗೋದು ಅದೇ, ಯಾಕಂದ್ರೆ ಮೌನ ಕತ್ತರಿಸಿದ ಜಾಗದಲ್ಲಿ ಸೊನ್ನೆ ಶಬ್ದ ಹಾಕಿದ್ರೆ ಕಿವಿಗೆ ಹೊಡೆಯುತ್ತೆ.

ಕತ್ತರಿಮೇಜು
ಬೂಮ್‌ಕೋಲು ಸರ್‌ಗೆ ನಮಸ್ಕಾರ. ಎಲ್‌ಇಡಿ ಬಲ್ಬ್ ಮಿಣುಕದಿರೋಕೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಂತಲೂ ಸೇರಿಸ್ಕೊಳ್ಳಿ. 100 ಎಂಬಿಪಿಎಸ್‌ನಲ್ಲಿ ಹಿಡಿದ್ರೆ ಗಂಟೆಗೆ 45 ಜಿಬಿ, 128ರ ಕಾರ್ಡ್ ಎರಡೂಮುಕ್ಕಾಲು ಗಂಟೆ ಬರುತ್ತೆ. ಮಾತಿನ ನಡುವೆ ಕಾರ್ಡ್ ತುಂಬಿ ನಿಂತ್ರೆ ಅದಕ್ಕಿಂತ ಅವಮಾನ ಇಲ್ಲ.

ತುಂಗಾತೀರ
ಬರ್ಕೊಂಡೆ. ಹಳೆ ಫೂಟೇಜ್ ಬಗ್ಗೆ? ‘ನೈಟ್ ಅಂಡ್ ಫಾಗ್’ ಹಾಕೋಣ ಅಂತಿದೀನಿ, 32 ನಿಮಿಷ ಅಷ್ಟೇ.

ಹೆಗ್ಗೋಡು ಬಸ್ಸು
ಹಾಕಿ, ಆದರೆ ಯಾಕೆ ಅಂತ ಹೇಳಿ ಹಾಕಿ. 1955ರಲ್ಲಿ ಅಲೆನ್ ರೆನೆ ಮಾಡಿದ್ದು. ಇಂದಿನ ಹುಲ್ಲು ಬೆಳೆದ ನಾಜಿ ಶಿಬಿರ ಬಣ್ಣದಲ್ಲಿ, ಅಂದಿನದು ಕಪ್ಪುಬಿಳುಪು. ಒಬ್ಬ ಬದುಕುಳಿದವನೂ ಮುಖ ತೋರಿಸಿ ಮಾತಾಡಲ್ಲ, ಆದರೆ ವ್ಯಾಖ್ಯಾನ ಬರೆದ ಝಾನ್ ಕೇರೋಲ್ ಸ್ವತಃ ಮೌತ್‌ಹೌಸನ್ ಶಿಬಿರದಿಂದ ಬಂದವನು. ಹಾನ್ಸ್ ಐಸ್ಲರ್‌ನ ಸಂಗೀತ ಅಳಿಸೋಕೆ ಹೋಗಲ್ಲ, ಘೋರ ಚಿತ್ರ ಬಂದಾಗ ಇನ್ನೂ ಹಗುರಾಗುತ್ತೆ. ಪಿಟೀಲಿನ ರೋಗಕ್ಕೆ ಇದೇ ಮದ್ದು. ಒಂದು ಹಳೆ ಫೋಟೋದಲ್ಲಿ ಫ್ರೆಂಚ್ ಪೊಲೀಸನ ಟೋಪಿ ಕಾಣುತ್ತೆ ಅಂತ ಅಲ್ಲಿನ ಸೆನ್ಸಾರ್ ಅದನ್ನ ಮರೆಮಾಡಿಸಿತು. ಕೊರತೆಯೂ ಹೇಳಿ: ವ್ಯಾಖ್ಯಾನದಲ್ಲಿ ಯೆಹೂದಿ ಅನ್ನೋ ಪದ ಬರೋದು ಒಂದೇ ಸಲ.

ನೀಲಿಪರದೆ
ಹೆಣಗಳ ರಾಶಿ ಇರೋ ಭಾಗವನ್ನ ಹದಿನೆಂಟರ ಹುಡುಗರಿಗೆ ಮುನ್ಸೂಚನೆ ಇಲ್ಲದೆ ಹಾಕಬೇಡಿ. ಎದ್ದು ಹೋಗಬಹುದು ಅಂತ ಮೊದಲೇ ಹೇಳಿ, ಬಾಗಿಲ ಚಿಲಕ ಹಾಕಬೇಡಿ.

ಅದಕ್ಕಿಂತ ಮುಖ್ಯ, ಆ ಚಿತ್ರಗಳನ್ನ ತೆಗೆದವರು ಯಾರು ಅನ್ನೋದು. 2010ರ ‘ಎ ಫಿಲ್ಮ್ ಅನ್‌ಫಿನಿಶ್ಡ್’ ಇದರ ಮೇಲೇ ನಿಂತಿದೆ. ವಾರ್ಸಾದಲ್ಲಿ ಯೆಹೂದಿಗಳನ್ನ ಕೂಡಿಹಾಕಿದ್ದ ಘೆಟ್ಟೋದಲ್ಲಿ 1942ರ ಮೇ ತಿಂಗಳಲ್ಲಿ ನಾಜಿಗಳು ಹಿಡಿದ ಮೂಕ ಫೂಟೇಜನ್ನ ದಶಕಗಟ್ಟಲೆ ಜನ ನಿಜ ದಾಖಲೆ ಅಂತ ಬಳಸಿದ್ರು. 1998ರಲ್ಲಿ ಇನ್ನೊಂದು ರೀಲು ಸಿಕ್ತು, ಅದರಲ್ಲಿ ಅದೇ ದೃಶ್ಯ ಮತ್ತೆ ಮತ್ತೆ! ಶ್ರೀಮಂತ ಯೆಹೂದಿ ಭಿಕ್ಷುಕನನ್ನ ದಾಟಿ ಹೋಗೋದು ಎಲ್ಲಾ ಆಡಿಸಿದ್ದು. ನಿರ್ದೇಶಕಿ ಯಾಯೆಲ್ ಹೆರ್ಸೋನ್ಸ್ಕಿ ಬದುಕುಳಿದವರನ್ನ ಕತ್ತಲ ಥಿಯೇಟರಿನಲ್ಲಿ ಕೂರಿಸಿ ಅದನ್ನ ತೋರಿಸ್ತಾಳೆ. ಒಬ್ಬರು ಕಣ್ಣು ಮುಚ್ಕೋತಾರೆ.

ಅಡಿಕೆಚೊಗರು
ಇದು ಗೊತ್ತಿರಲಿಲ್ಲ. ಅಂದ್ರೆ ಕಟುಕನ ಕಣ್ಣಲ್ಲೇ ಸತ್ತವರನ್ನ ನೋಡ್ತಿದೀವಿ ಅಂತಾಯ್ತು.

ಹೆಗ್ಗೋಡು ಬಸ್ಸು
ಹ್ಞೂಂ. ಅದಕ್ಕೇ ರಿತಿ ಪಾನ್ 2013ರ ‘ದಿ ಮಿಸ್ಸಿಂಗ್ ಪಿಕ್ಚರ್’ನಲ್ಲಿ ತನ್ನ ಮನೆಯವರನ್ನ ಮಣ್ಣಿನ ಗೊಂಬೆ ಮಾಡಿಸಿದ. ಖ್ಮೇರ್ ರೂಜ್ ಬಿಟ್ಟುಹೋದದ್ದು ಹೆಚ್ಚಾಗಿ ಪ್ರಚಾರದ ಫಿಲ್ಮ್, ಹಸಿವಿನ ಚಿತ್ರ ಸಿಗೋದೇ ಅಪರೂಪ.

ತುಂಗಾತೀರ
ಇನ್ನೊಂದು ತಲೆನೋವು. ಸಾಕ್ಷಿ ಹೇಳಿದ ಸಂಗತಿ ತಪ್ಪಾಗಿದ್ರೆ? ಇಸವಿ, ಸಂಖ್ಯೆ ಇಂಥದ್ದು.

ಶರಾವತಿ ಹಿನ್ನೀರು
ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಾಕ್ಷ್ಯ ಸಂಗ್ರಹದ ಪ್ರಸಿದ್ಧ ಪ್ರಸಂಗ ಇದೆ. 1944ರ ಅಕ್ಟೋಬರ್‌ನಲ್ಲಿ ಆಶ್ವಿಟ್ಜ್‌ನಲ್ಲಿ ಕೈದಿಗಳು ದಂಗೆ ಎದ್ದದ್ದನ್ನ ಕಂಡ ಒಬ್ಬ ಹೆಂಗಸು, ನಾಲ್ಕು ಚಿಮಣಿ ಸ್ಫೋಟವಾದವು ಅಂದಳು. ಆದದ್ದು ಒಂದೇ, ಈ ಸಾಕ್ಷ್ಯ ನಂಬೋ ಹಾಗಿಲ್ಲ ಅಂದರು ಇತಿಹಾಸಕಾರರು. ಸಂದರ್ಶನ ಮಾಡಿದ್ದ ಮನೋವೈದ್ಯ ಡೋರಿ ಲೌಬ್ ಒಪ್ಪಲಿಲ್ಲ. ಆಕೆ ಲೆಕ್ಕ ಹೇಳ್ತಿಲ್ಲ, ಆಗಲಾರದ್ದು ಆಯ್ತು ಅನ್ನೋದನ್ನ ಹೇಳ್ತಿದಾಳೆ ಅಂದ.

ಕೋರ್ಟುಹಾಲ್
ಆದರೆ ಆ ‘ನಾಲ್ಕ’ನ್ನ ಹಾಗೇ ಬಿಟ್ಟರೆ, ಹತ್ಯೆಯೇ ಆಗಿಲ್ಲ ಅನ್ನೋರಿಗೆ ನೀವೇ ಕೈಗೆ ಕೋಲು ಕೊಟ್ಟ ಹಾಗೆ. ಸರಿಯಾದ ಸಂಖ್ಯೆ ಚಿತ್ರದಲ್ಲಿ ಎಲ್ಲಾದರೂ ಇರಬೇಕು.

ಕತ್ತರಿಮೇಜು
ಇರಲಿ, ಆದರೆ ಆಕೆ ಮಾತಾಡ್ತಿರೋ ಮುಖದ ಕೆಳಗೆ ಅಲ್ಲ. ಅಲ್ಲಿ ಹಾಕಿದ್ರೆ ಸುಳ್ಳುಗಾತಿ ಅಂದ ಹಾಗೆ. ಮುಂಚೆಯೇ ಒಂದು ಕಾರ್ಡಿನಲ್ಲಿ ಸಂಗತಿ ಹೇಳಿ, ಆಮೇಲೆ ಆಕೆಯನ್ನ ಬಿಡಿ.

ಅಡಿಕೆಚೊಗರು
ಹುಡುಗರು ಈಸೂರಿಗೆ ಹೋಗ್ತಾರಾ? ಶಿಕಾರಿಪುರ ತಾಲ್ಲೂಕು, ಹತ್ತಿರ. 1942ರ ಸ್ವಾತಂತ್ರ್ಯ ಹೋರಾಟದ ಊರು.

ಕೋರ್ಟುಹಾಲ್
ಹೋಗಲಿ, ಆದರೆ ಈಗ ಸಿಗೋದು ಮೊಮ್ಮಕ್ಕಳು. ಕಂಡದ್ದಲ್ಲ, ಕೇಳಿದ್ದು. ತೆರೆಯ ಮೇಲೆ ಹೆಸರಿನ ಕೆಳಗೆ ಅದನ್ನೇ ಹಾಕಬೇಕು. 1943ರಲ್ಲಿ ಗಲ್ಲಿಗೇರಿದ ಐವರ ಜೊತೆ, ಅಂದು ಊರಲ್ಲಿ ಸತ್ತ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಕೂಡ ಮನೆ-ಮಕ್ಕಳಿದ್ದವರೇ. ಚೌಕಟ್ಟಿನಿಂದ ಅವರನ್ನ ಹೊರಗಿಡೋದಾದರೆ ಗೊತ್ತಿದ್ದೇ ಇಡಲಿ.

ಅಡಿಕೆಚೊಗರು
ಈ ಮಾತನ್ನ ಈಸೂರಿನ ಅರಳಿಕಟ್ಟೆ ಮೇಲೆ ಕೂತು ಹೇಳಿ ನೋಡೋಣ 😄

ಶರಾವತಿ ಹಿನ್ನೀರು
ಒಪ್ಪಿಗೆ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡದಲ್ಲಿ, ಒಂದೇ ಪುಟ, ಓದೋಕೆ ಬರದವರಿಗೆ ಗಟ್ಟಿಯಾಗಿ ಓದಿ, ಓದಿದ್ದನ್ನೂ ರೆಕಾರ್ಡ್ ಮಾಡಿ. ಮೂರು ಸಲ ಕೇಳಬೇಕು: ಶುರುವಿಗೆ ಮುಂಚೆ, ಮುಗಿದ ಕೂಡಲೇ, ಕಚ್ಚಾ ಸಂಕಲನ ತೋರಿಸಿದ ಮೇಲೆ. ಹಿಂತೆಗೆಯೋಕೆ ಕೊನೇ ದಿನಾಂಕ ಬರೆದಿರಲಿ. ದಿನದ ಕೂಲಿ ತಪ್ಪಿದ್ರೆ ಅದನ್ನ ಕೊಡಿ, ಎಷ್ಟು ಅಂತ ಮೊದಲೇ ಹೇಳಿ. ಅತ್ತರೆ ಹೆಚ್ಚು ಅನ್ನೋ ಭಾವನೆ ಮಾತ್ರ ಬರಬಾರದು.

ಪ್ರಶ್ನೆ ಕೇಳೋ ಕ್ರಮಕ್ಕೆ ಹತ್ಯಾಕಾಂಡದಿಂದ ಉಳಿದವರ ಸಾಕ್ಷ್ಯ ಕೂಡಿಡೋ ಶೋವಾ ಫೌಂಡೇಶನ್ನಿನವರ ಪದ್ಧತಿ ಚೆನ್ನಾಗಿದೆ. 1994ರಿಂದ ಐವತ್ತು ಸಾವಿರಕ್ಕೂ ಹೆಚ್ಚು ಸಂದರ್ಶನ ಮಾಡಿದವರು. ಸುಮಾರು ಐದನೇ ಒಂದು ಪಾಲು ಹಿಂಸೆಗೆ ಮುಂಚಿನ ಬದುಕು, ಐದನೇ ಒಂದು ಪಾಲು ಆಮೇಲಿನದು, ನಡುವೆ ಉಳಿದದ್ದು. ಕೊನೆಗೆ ಮನೆಯ ಫೋಟೋಗಳು, ಮನೆಯವರು. ಕೆಟ್ಟ ಜಾಗದಲ್ಲಿ ಕ್ಯಾಮೆರಾ ಮಡಚಿಕೊಂಡು ಬರಬಾರದು. ಕಾಫಿ ಕುಡಿದು ಬನ್ನಿ.

ನೀಲಿಪರದೆ
ಸಬ್‌ಟೈಟಲ್. ಸಾಕ್ಷಿ ಕೊಂಕಣಿ, ಬ್ಯಾರಿ, ಲಂಬಾಣಿ ಮಾತಾಡಿದ್ರೆ ದನಿಯ ಮೇಲೆ ಕನ್ನಡ ದನಿ ಹೇರಬೇಡಿ. ಎರಡು ಸಾಲು, ಸಾಲಿಗೆ ಮೂವತ್ತೈದು ಅಕ್ಷರ ದಾಟದ ಹಾಗೆ, ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಮಾತು ನಿಂತಾಗ ಅಕ್ಷರವೂ ಹೋಗಬೇಕು, ಇಲ್ಲದಿದ್ರೆ ಮೌನದಲ್ಲಿ ಜನ ಓದ್ತಾ ಕೂರ್ತಾರೆ. ‘ಶೋವಾ’ದಲ್ಲಿ ದುಭಾಷಿಯ ದನಿಯನ್ನೂ ಉಳಿಸಿದಾರೆ, ಅವಳು ಅನುವಾದಿಸೋ ಹೊತ್ತಲ್ಲಿ ನಾವು ಸಾಕ್ಷಿಯ ಮುಖ ನೋಡ್ತೀವಿ. 2008ರ ‘ವಾಲ್ಟ್ಸ್ ವಿತ್ ಬಶೀರ್’ ಕೊನೆಗೆ ಅನಿಮೇಶನ್ ಬಿಟ್ಟು ಬೈರೂತಿನ ಸಬ್ರಾ-ಶತೀಲಾ ಹತ್ಯಾಕಾಂಡದ ನಿಜ ಫೂಟೇಜಿಗೆ ಬರುತ್ತೆ. ಅಲ್ಲಿ ಕೂಗಿ ಅಳೋ ಹೆಂಗಸಿನ ಮಾತಿಗೆ ಅನುವಾದವೇ ಇಲ್ಲ. ಆಕೆ ಏನೋ ಹೇಳ್ತಿದಾಳೆ, ನಮಗೆ ಕೇಳಿಸೋದು ಬರೀ ಅಳು. ಸುಮ್ನೆ ಈ ಒಂದು ನಿಮಿಷ ಹಾಕಿ, ಯಾಕೆ ಹೀಗೆ ಮಾಡಿದ್ರು ಅಂತ ಹುಡುಗರನ್ನೇ ಕೇಳಿ.

ತುಂಗಾತೀರ
ಸರಿ, ಈಗಿನ ಪಟ್ಟಿ: ಕ್ಷೌರದಂಗಡಿ, ಎಸ್-21ರ ಹೊಸ್ತಿಲು, ಓಪನ್‌ಹೈಮರ್ ಎರಡು, ವಾರ್ಸಾ ರೀಲು, ಬಶೀರ್ ಕೊನೆ, ಫೆಂಗ್‌ಮಿಂಗ್ ದೀಪ. ‘ನೈಟ್ ಅಂಡ್ ಫಾಗ್’ ಮೊದಲ ದಿನ ರಾತ್ರಿ ಪೂರ್ತಿ, ಇಷ್ಟ ಇದ್ದವರಿಗೆ. ಫೆಂಗ್‌ಮಿಂಗ್ ಸಂಜೆ ನಾಲ್ಕಕ್ಕೆ ಬರುತ್ತೆ.

ಅಡಿಕೆಚೊಗರು
ಸಾಗರದ ಮಳೆಗಾಲದಲ್ಲಿ ನಾಲ್ಕಕ್ಕೇ ಕತ್ತಲು. ದೀಪ ಹಾಕೋ ದೃಶ್ಯಕ್ಕೆ ಸರಿಯಾಗಿ ಕರೆಂಟ್ ಹೋಗುತ್ತೆ ನೋಡ್ತಿರಿ.

ಬೂಮ್‌ಕೋಲು
ಯುಪಿಎಸ್ ಪ್ರೊಜೆಕ್ಟರಿಗೆ ಮಾತ್ರ ಕೊಡಬೇಡಿ, ಆಂಪ್ಲಿಫೈಯರಿಗೂ ಕೊಡಿ. ಮತ್ತೆ ಆ ದೃಶ್ಯವನ್ನ ಹಿಂದಿನ ದಿನವೇ ಹಾಲ್‌ನಲ್ಲಿ ಒಮ್ಮೆ ಓಡಿಸಿ ನೋಡಿ. ಕಿಟಕಿ ಪರದೆ ತೆಳು ಇದ್ರೆ ಆಕೆಯ ಮುಖ ಕತ್ತಲಾದದ್ದೇ ಕಾಣಲ್ಲ, ತೆರೆ ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಅಡಿಕೆ ಒಣಗಿಸೋ ಕಪ್ಪು ಟಾರ್ಪಾಲ್ ಸಾಕು, ನಾಲ್ಕು ತಗೊಂಡು ಹೋಗಿ.